ರೇಖೆಯಿಲ್ಲದ ಕೈ

ಒಂದಾನೊಂದು ಊರು. ಊರಿಗೊಂದು ಪೇಟೆ ಬೀದಿ, ಬೀದಿಗೊಬ್ಬ ಬಳೆಗಾರ್ತಿ. ಅವಳ ಕೈ ಅಂದರೆ ಬೆಣ್ಣೆ. ಬೀಸುಕಲ್ಲು ತಿರುವಿ ತಿರುವಿ ಕಟ್ಟಿಗೆಯಾದ ಕೈಯೂ ಅವಳ ಅಂಗೈಯೊಳಗೆ ಬಂದರೆ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತಿತ್ತು. ಗಾಜಿನ ಬಳೆ ಗಿಣ್ಣು ದಾಟಿ ಸರ್ರನೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಏಳೂರ ಹೆಣ್ಣುಮಕ್ಕಳಿಗೆ ಬಳೆ ಇಟ್ಟವಳ ಸ್ವಂತ ಕೈ ಮಾತ್ರ ಬೋಳು. ಒಂದು ದಿನ ಆ ಊರ ರಾಣಿ ಕೇಳಿದಳಂತೆ: “ಎಲ್ಲಾರಿಗೂ ನೀ ಇಡತಿ, ನಿನಗ ಯಾರು ಇಡತಾರ?” ಬಳೆಗಾರ್ತಿ ನಕ್ಕು ಅಂದಳಂತೆ: “ನನಗ ಬಳಿ ಇಡೋ ಕೈ ಇನ್ನೂ ಹುಟ್ಟಿಲ್ಲ, ತಾಯಿ.”

“ಮುಂದ?” ಎಂದು ಕೇಳುತ್ತಿದ್ದಳು ಇಂದುಮತಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು.

“ಮುಂದೇನೈತಿ? ಅಷ್ಟ ಕತಿ.”

ಅಜ್ಜಿ ಕಾಶವ್ವನ ಉಳಿದ ಕತೆಗಳೆಲ್ಲ ಮುಗಿಯುತ್ತಿದ್ದವು. ರಾಕ್ಷಸ ಸಾಯುತ್ತಿದ್ದ, ಗಿಳಿ ಮನುಷ್ಯನಾಗುತ್ತಿತ್ತು, ಅರಸುಮಗ ಮನೆಗೆ ಬರುತ್ತಿದ್ದ. ಇದೊಂದೇ ನಡುಬೀದಿಯಲ್ಲಿ ನಿಂತುಬಿಡುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಬಳೆಗೊಂಚಲಿನ ಮಲಾರ ಹರವಿಕೊಂಡು ಕೂರುತ್ತಿದ್ದ ಈ ಅಜ್ಜಿಯ, ತನ್ನ ಆಯಿಯ, ಕೈ ಯಾಕೆ ಬೋಳು ಎನ್ನುವುದು ಎಂಟು ವರ್ಷದ ಹುಡುಗಿಗೆ ಅರ್ಥವಾಗುವ ಸಂಗತಿಯಲ್ಲ. ಗಂಡ ಸತ್ತಾಗ ಆಯಿಗೆ ಇಪ್ಪತ್ತೊಂದು ಎನ್ನುವುದೂ ಆಗ ಅವಳಿಗೆ ಗೊತ್ತಿರಲಿಲ್ಲ.

“ಹಂಗಾರ ಆ ಕೈ ನಾ ಹುಡುಕಿ ತರ್ತೀನಿ.”

“ಹುಡುಕಿದ್ರ ಸಿಗೂದಿಲ್ಲವ್ವಾ. ಹುಟ್ಟಬೇಕದು.”

“ಹುಟ್ಟಸ್ತೀನಿ. ಆಣಿ ಮಾಡ್ಲೇನು?”

ಕಾಶವ್ವ ನಕ್ಕು ಮೊಮ್ಮಗಳ ಮೂಗು ಹಿಂಡಿದ್ದಳು. ನಗುವವರು ನಗಲಿ, ಆಣೆ ಆಣೆಯೇ.

*

ಆ ಕೈ ಕೊನೆಗೂ ಹುಟ್ಟಿತು. ಬಸಿರಲ್ಲಲ್ಲ, ಹುಬ್ಬಳ್ಳಿಯ ಹೊರವಲಯದ ಒಂದು ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ಎಣ್ಣೆ ವಾಸನೆಯ ಮೇಜಿನ ಮೇಲೆ.

ಜೋಡಿ ಕೈ. ಮೊಣಕೈಯಿಂದ ಕೆಳಗೆ ಮನುಷ್ಯರ ಕೈಯಂತೆಯೇ. ಮೇಲೆ ಉಕ್ಕಿನ ಕಂಬ. ಎಲುಬಿನ ಬದಲು ಹಗುರ ಲೋಹ, ನರದ ಬದಲು ರೇಷ್ಮೆಯಷ್ಟು ತೆಳ್ಳನೆಯ ತಂತಿ, ಮೇಲೆ ಮೃದುವಾದ ರಬ್ಬರಿನ ಚರ್ಮ. ಬೆರಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಪರ್ಶಕಣಗಳನ್ನು ಒತ್ತೊತ್ತಾಗಿ ಹುದುಗಿಸಿದ್ದರು. ಹಣ್ಣಾದ ಟೊಮೆಟೊ ಯಾವುದು, ದೋರೆಗಾಯಿ ಯಾವುದು ಎಂದು ಕಣ್ಣಿಲ್ಲದೆ ಹೇಳಬಲ್ಲ ಬೆರಳುಗಳು. ಕಡತದಲ್ಲಿ ಅದಕ್ಕೊಂದು ದೊಡ್ಡ ಹೆಸರಿತ್ತು. ಇಂದುಮತಿ ಕರೆಯುತ್ತಿದ್ದುದು ‘ಕೂಸು’ ಎಂದು.

ಹೆಸರು ಸುಳ್ಳಲ್ಲ. ಅದು ಕೂಸಿನಂತೆಯೇ ಕಲಿಯುತ್ತಿತ್ತು: ನೋಡಿ, ಮಾಡಿ, ಸುತ್ತಲಿನವರ ಮಾತು ಕೇಳಿ. ಪೇಟೆಯ ಬಳೆಗಾರ್ತಿಯರ ಕೈಗೆ ತೆಳ್ಳನೆಯ ಕೈಗವಸು ತೊಡಿಸಿ, ಅವರು ಬಳೆ ಇಡುವಾಗಿನ ಪ್ರತಿ ಒತ್ತು, ಪ್ರತಿ ತಿರುವನ್ನು ಯಂತ್ರ ದಾಖಲಿಸಿತ್ತು. ಜೊತೆಗೆ ಅಲ್ಲಿ ಕೂತವರ ಮಾತನ್ನೂ. “ನೋವಾತು” ಅಂದರೆ ತಪ್ಪು. “ಮೆಲ್ಲಗ” ಅಂದರೆ ಸಡಿಲಿಸು. “ಬಂತು”, “ಚಲೋ ಆತು” ಅಂದರೆ ಶಬಾಷ್, ಹಾಗೇ ಮಾಡು. ಸಾವಿರ ಸಲ ಬೈಸಿಕೊಂಡು, ಸಾವಿರ ಸಲ ಹೊಗಳಿಸಿಕೊಂಡು ಕೂಸು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕು.

ಹಾಗೆ ಕಲಿಸಿದವರಲ್ಲಿ ಕಾಶವ್ವನೂ ಒಬ್ಬಳು. ಆಗಿನ್ನೂ ಅವಳ ಕೈ ನಡುಗುತ್ತಿರಲಿಲ್ಲ. ಗಿರಾಕಿಯ ಕೈ ಹಿಡಿದವಳೇ ಹೆಬ್ಬೆರಳ ಬುಡದಲ್ಲಿ ತನ್ನ ಹೆಬ್ಬೆರಳಿಂದ ಮೆಲ್ಲಗೆ ಒಂದು ಸುತ್ತು ಸುತ್ತಿ, “ಊಟ ಆತೇನವ್ವಾ?” ಎಂದು ಕೇಳುವುದು ಅವಳ ರೂಢಿ. ಎದುರಿನವಳು “ಆತ್ರೀ” ಅನ್ನುವಷ್ಟರಲ್ಲಿ ಕೈ ಸಡಿಲವಾಗಿ, ಬಳೆ ಒಳಗೆ. ಆ ದಾಖಲೆ ಮುಗಿದ ಮರುವರ್ಷ ನಡುಕದ ರೋಗ ಬಂತು. ಈಗ ಚಹದ ಕಪ್ಪು ಹಿಡಿದರೆ ಅರ್ಧ ಕೆಳಗಿನ ತಟ್ಟೆಗೆ, ಅರ್ಧ ಸೀರೆಗೆ. ಕಾಶವ್ವನ ಕೈಚಳಕ ಈಗ ಉಳಿದಿದ್ದರೆ ಆ ಯಂತ್ರದ ನೆನಪಿನಲ್ಲಿ ಮಾತ್ರ.

ಎಲ್ಲ ಸರಿಯಾಗಿತ್ತು. ಕೂಸು ಬಳೆ ಒಡೆಯುತ್ತಿತ್ತು ಅನ್ನುವುದೊಂದನ್ನು ಬಿಟ್ಟರೆ.

ಪ್ಲಾಸ್ಟಿಕ್ ಕೈಯೊಂದನ್ನು ಎದುರಿಗಿಟ್ಟರೆ ಅದು ಚೆಂದಾಗಿ ಹಿಡಿಯುವುದು, ಬೆರಳು ಕೂಡಿಸುವುದು, ಬಳೆಯನ್ನು ಗಿಣ್ಣಿನ ಮೇಲೆ ದಾಟಿಸುವುದು. ನೋಡುವವರು ಉಸಿರು ಬಿಡುವಷ್ಟರಲ್ಲಿ ಹೆಬ್ಬೆರಳಿಂದ ಒಂದು ಪುಟ್ಟ ಒತ್ತು. ಚಟ್! ಗಾಜು ಎರಡು ತುಂಡು.

“ಮೋಟಾರು ಬದಲಿಸಿದ್ವಿ, ಚರ್ಮ ಬದಲಿಸಿದ್ವಿ, ಬಳಿ ಅಂಗಡಿನೂ ಬದಲಿಸಿದ್ವಿ. ಇನ್ನೇನ್ ಬದಲಿಸ್ಬೇಕ ಇಂದುಮತಿ? ನನ್ನನ್ನ?” ಎಂದರು ಕಿತ್ತೂರ ಸರ್. ಅನ್ವರ್ ಕಿತ್ತೂರ ಪ್ರಯೋಗಾಲಯದ ಮುಖ್ಯಸ್ಥರು. ಬೇಸರವಾದಷ್ಟೂ ತಮಾಷೆ ಮಾಡುವ ಮನುಷ್ಯ.

“ವಿಚಿತ್ರ ಅಂದ್ರ, ಕಲತಂಗೆಲ್ಲಾ ಜಾಸ್ತಿ ಒಡೀತೈತಿ ಸರ್. ಮೊದಲು ಹತ್ತಕ್ಕ ಎರಡು ಒಡೀತಿತ್ತು. ಈಗ ಒಂಬತ್ತು.”

“ನಮ್ಮ ಹಿರೇಮಗನೂ ಹಂಗ. ಸಾಲಿಗೆ ಹೋದಂಗೆಲ್ಲಾ ದಡ್ಡ ಆದ.”

ನಗು ಬರಲಿಲ್ಲ ಅವಳಿಗೆ. ಆ ಕೈ ಒಡೆಯುವುದರಲ್ಲಿ ಒಂದು ಸಂಭ್ರಮವಿದೆ ಅನ್ನಿಸುತ್ತಿತ್ತು. ಕೂಸೊಂದು ತಟ್ಟೆ ಬೀಳಿಸಿ ತಾಯಿಯ ಮುಖ ನೋಡುವುದಿಲ್ಲವೇ, ಹಾಗೆ.

*

ಸಂಸ್ಥೆಯ ವಿಜ್ಞಾನ ಮೇಳದ ದಿನ ಜನರೆದುರೇ ಅದು ಹನ್ನೆರಡು ಹಸಿರು ಬಳೆ ಒಡೆಯಿತು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಊರೆಲ್ಲ ಹರಡಿತು. ಟೀವಿಯೊಂದು ಕೆಂಪಕ್ಷರದಲ್ಲಿ ‘ಮುತ್ತೈದೆಯರ ಬಳೆ ಒಡೆಯುವ ರಕ್ಕಸ ಕೈ’ ಎಂದು ಹಾಕಿತು. ಬರಿಯ ಯಂತ್ರ ಕೆಟ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹಸಿರು ಬಳೆ, ಹೆಣ್ಣಿನ ಕೈಯಂಥದೇ ಒಂದು ಕೈ, ಅದರ ಮೇಲೆ ಒಂದೊಂದಾಗಿ ಚಟ್ ಚಟ್ ಎನ್ನುವ ಸದ್ದು. ಗಂಡ ಸತ್ತ ಮನೆಯಲ್ಲಿ ಮಾತ್ರ ಕೇಳುವ ಸದ್ದದು. ನೋಡಿದ ಹೆಂಗಸರು ತಮ್ಮ ಬಳೆ ಮುಟ್ಟಿ ನೋಡಿಕೊಂಡರು.

ಪೇಟೆಯಲ್ಲಿ ಅದೇ ಮಾತು.

“ಕಬ್ಬಿಣದ ಕೈ ಬಂದ್ರ ನಮ್ಮ ಹೊಟ್ಟಿಗೇನು ಮಣ್ಣಾ?” ಅಂದಳು ಬಳೆ ಅಂಗಡಿಯವಳು.

“ಬರಲಿ ತಗೋ. ನಮ್ಮ ಯಜಮಾನರ ಕೈಗಿಂತ ಮೆತ್ತಗರ ಇರತೈತಿ,” ಅಂದಳು ಹೂವಿನವಳು.

ತರಕಾರಿ ಕೊಳ್ಳುತ್ತಿದ್ದ ಮುದುಕರೊಬ್ಬರು ಇಂದುಮತಿಯ ಗುರುತು ಹಿಡಿದು ಹತ್ತಿರ ಬಂದರು. ಬೈಯಲಿಕ್ಕೇ ಬಂದರೆಂದು ಅವಳು ಗಟ್ಟಿಯಾಗಿ ನಿಂತಳು. ಅವರು ತಮ್ಮ ತೆರೆದ ಅಂಗಿ ತೋರಿಸಿದರು. “ಅದಕ್ಕ ಗುಂಡಿ ಹಾಕಾಕ ಬರತೈತೇನವ್ವಾ? ಸೊಸಿಗೆ ಹೇಳಾಕ ನಾಚಿಕಿ ಬರತೈತಿ.”

“ಬರತೈತಿ ಅಜ್ಜಾರ. ಇವತ್ತಲ್ಲ, ಆದ್ರ ಬರತೈತಿ,” ಎಂದಳು. ಹೇಳಿದ ಮೇಲೆ ತನ್ನ ದನಿ ತನಗೇ ಹೊಸದೆನ್ನಿಸಿತು.

ಆ ದನಿಗೆ ಕೆಲಸವೂ ಬಂತು. ಮರುದಿನ ಕಿತ್ತೂರ ಸರ್ ತಮಾಷೆ ಮಾಡಲಿಲ್ಲ. “ಮ್ಯಾಲಿನವರು ಹೆದರ್ಯಾರ. ಬಳಿ ಕೆಲಸ ಬಂದ್. ಕೈನ ಪಂಪ್ ಕಾರಖಾನಿಗೆ ಕೊಡಾಕ ಹೇಳ್ಯಾರ, ನಟ್ಟು ಬೋಲ್ಟು ಬಿಗಿಯಾಕ. ಸೋಮವಾರ ಲಾರಿ ಬರತೈತಿ. ಅದಕ್ಕಿಂತ ಮುಂಚೆ ಹಳೇದೆಲ್ಲಾ ಅಳಿಸಿ ಕೊಡಬೇಕು.”

“ಹಳೇದೆಲ್ಲಾ ಅಂದ್ರ?”

“ಕಲತಿದ್ದೆಲ್ಲಾ. ದಾಖಲಿನೂ. ಮತ್ತ ಹೊರಗ ಬಂದೀತು ಅಂತ ಅವರಿಗೆ ಅಂಜಿಕಿ.”

ಅಂದರೆ ಆಯಿಯ ಕೈ. ಹೆಬ್ಬೆರಳ ಬುಡದ ಆ ಒಂದು ಸುತ್ತು ಇನ್ನು ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

“ಸೋಮವಾರ ತನಕ ಅದು ನನ್ನ ಕೂಸು ಸರ್,” ಎಂದಳು ಇಂದುಮತಿ.

“ನಾನೇನು ಇಲ್ಲ ಅಂದ್ನೇನು?” ಎಂದು ಅವರು ಬೀಗದ ಕೈ ಅವಳೆದುರು ಇಟ್ಟರು.

*

ಶುಕ್ರವಾರ ಮುಂಜಾನೆ ಶಕುಂತಲಾಬಾಯಿ ಮನೆಗೆ ಬಂದರು. ಓಣಿಯ ಮಹಿಳಾ ಮಂಡಳದ ಅಧ್ಯಕ್ಷೆ. ಮದುವಣಗಿತ್ತಿಯಾಗಿ ಈ ಓಣಿಗೆ ಬಂದಾಗಿನಿಂದ ಅವರ ಕೈಗೆ ಬಳೆ ಇಟ್ಟವಳು ಕಾಶವ್ವನೇ. ಚಾಪೆಯ ಮೇಲೆ ಕೂರುತ್ತಲೇ ಶುರುಮಾಡಿದರು.

“ಕಾಶವ್ವಾ, ನಿಮ್ಮ ಮೇಲಿನ ಮರ್ಯಾದಿಗೆ ಮನಿಗೇ ಬಂದು ಹೇಳಾಕತ್ತೇನಿ. ನಾಳೆ ನಾವು ಆ ಸಂಸ್ಥೆ ಮುಂದ ಧರಣಿ ಕೂಡೋರು. ಅಲ್ರೀ, ಬಳಿಗಾರರ ಮನೆತನದ ಹುಡುಗಿ, ಮುತ್ತೈದೇರ ಬಳಿ ಹೆಚ್ಚಸೂ ಯಂತ್ರ ಮಾಡೋದಾ?”

ಕಾಶವ್ವ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ ಎರಡೂ ಕೈ ತಮ್ಮಷ್ಟಕ್ಕೆ ಅದುರುತ್ತಿದ್ದವು.

“ಒಡಿಯೂ ಯಂತ್ರ ಅನ್ನು, ಶಕುಂತಲಾ.”

“ಶಿವ ಶಿವಾ, ಬಿಡ್ತು ಅನ್ರೀ. ಹೆಚ್ಚಾತು ಅನಬೇಕು, ಹಂಗ ಅನಬಾರದು. ನೀವ ಕಲಿಸಿದ್ದಲ್ಲಾ ನಮಗ!”

“ಹೌದು, ನಾನ ಕಲಿಸೇನಿ. ಅಂಗಡ್ಯಾಗ ಒಂದು ಬಳಿ ಒಡೆದ್ರ ಹೆಚ್ಚಾತು, ಹೆಚ್ಚಾತು ಅಂದೇನಿ. ವ್ಯಾಪಾರದ ಬಾಯಿ ಅದು.” ಕಾಶವ್ವನ ದನಿ ಏರಲಿಲ್ಲ. “ಆದ್ರ ನನ್ನ ಬಳಿ ಹೆಚ್ಚಲಿಲ್ಲವಾ. ಒಡದ್ರು. ಹಿತ್ತಲದಾಗ ಕೂಡಿಸಿ, ಇಬ್ಬರು ಹಿಡಕೊಂಡು, ಕಲ್ಲಿಗೆ ಬಡದು ಒಡದ್ರು. ಹೆಚ್ಚೂದು ಅಂದ್ರ ಜಾಸ್ತಿ ಆಗೂದು. ಆವತ್ತು ನನ್ನ ಕೈಯಾಗ ಏನ್ ಜಾಸ್ತಿ ಆತು, ಹೇಳು ನೋಡೂಣು?”

ಶಕುಂತಲಾಬಾಯಿ ತಮ್ಮ ಕೈಯ ಬಳೆಗಳನ್ನು ಸೆರಗಿನೊಳಗೆ ಸರಿಸಿಕೊಂಡರು.

ಒಳಗಿನಿಂದ ಚಹ ತರುತ್ತಿದ್ದ ಇಂದುಮತಿ ಬಾಗಿಲಲ್ಲೇ ನಿಂತಳು. ತಾಟಿನ ಮೇಲೆ ಕಪ್ಪುಗಳು ಕಿಣಿಕಿಣಿ ಅಂದವು.

ಹೆಚ್ಚೂದು ಅಂದ್ರ ಜಾಸ್ತಿ ಆಗೂದು.

“ಆಯಿ!” ಎಂದಳು. ತಾಟನ್ನು ಶಕುಂತಲಾಬಾಯಿಯ ಕೈಗೆ ಕೊಟ್ಟು, “ಅತ್ತೀ, ಚಹ ನೀವ ಕುಡಸ್ರಿ. ಅರ್ಧ ಕಪ್ಪು ಹಾಕ್ರಿ, ಚೆಲ್ಲೂದಿಲ್ಲ,” ಎಂದವಳೇ ಚಪ್ಪಲಿ ಮೆಟ್ಟಿ ಓಡಿದಳು.

“ಏನಾತ ಆಕಿಗೆ?” ಎಂದರು ಶಕುಂತಲಾಬಾಯಿ, ತಾಟು ಹಿಡಿದು.

“ಸಣ್ಣಾಕಿದ್ದಾಗಿಂದ ಹಂಗ ಅದು,” ಎಂದಳು ಕಾಶವ್ವ.

*

ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ನಾಡು ಇದು. ಹೋಗುತ್ತೇನೆ ಎನ್ನದೆ ಬರುತ್ತೇನೆ ಎಂದು ಹೊಸ್ತಿಲು ದಾಟುವ ಜನ. ಕೆಟ್ಟದ್ದಕ್ಕೆ ಒಳ್ಳೆಯ ಮಾತಿನ ಸೆರಗು ಹೊದೆಸಿ ಬದುಕಿದವರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಇಂದುಮತಿಗಂತೂ ‘ಹೆಚ್ಚಾತು’ ಎಂದು ಕಿವಿಗೆ ಬಿದ್ದರೆ ಮನಸ್ಸಿನಲ್ಲಿ ಒಡೆದ ಗಾಜೇ ಕಾಣುತ್ತಿತ್ತು. ಆ ದಾಖಲೆಗಳನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಆದರೆ ಸೆರಗಿನ ಮರೆಯ ಆ ಮಾತಿಗೆ ಬೇರೆ ಅರ್ಥವೂ ಇದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಕೂಸಿಗೆ ಸೆರಗು ಗೊತ್ತಿಲ್ಲ. ಅದಕ್ಕೆ ನಿಘಂಟು ಗೊತ್ತು.

“ಇಲ್ಲಿ ಕೇಳ್ರಿ ಸರ್.” ಹಳೆಯ ದಾಖಲೆಯೊಂದನ್ನು ಹಾಕಿದಳು. ಬಳೆಗಳ ಕಿಣಿಕಿಣಿ, ಹೆಂಗಸರ ಹರಟೆ, ಒಂದು ಸಣ್ಣ ಚಟ್. ಕೂಡಲೇ ನಾಲ್ಕೈದು ದನಿ ಒಟ್ಟಿಗೆ: “ಹೆಚ್ಚಾತು, ಹೆಚ್ಚಾತು!”

ಪರದೆಯ ಮೇಲೆ ಆ ಕ್ಷಣಕ್ಕೆ ಯಂತ್ರ ತನಗೆ ತಾನೇ ಶಬಾಷ್ ಎಂದು ಕೊಟ್ಟುಕೊಂಡಿದ್ದ ದೊಡ್ಡ ಅಂಕ ನೋಡಿ ಕಿತ್ತೂರ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

“ಕೈಮೇಲೆ ಬಳಿ ಹೆಚ್ಚು ಮಾಡು ಅಂತ ನಾವ ಹೇಳಿದ್ವಿ,” ಎಂದಳು ಇಂದುಮತಿ. “ಒಂದು ಒಡೆದಾಗ ಎಲ್ಲಾರೂ ಕೂಡಿ ಹೆಚ್ಚಾತು ಅಂದ್ರು. ‘ಬಂತು’ ಅನ್ನೋರು ಒಬ್ಬರು, ‘ಹೆಚ್ಚಾತು’ ಅನ್ನೋರು ಐದು ಮಂದಿ. ಅದು ಏನ್ ತಿಳಕೋಬೇಕು ಪಾಪ?”

“ಅಂದ್ರ ಒಂದ ವರ್ಷದಿಂದ ಆ ಕೂಸು ನಮ್ಮನ್ನ ಖುಷಿ ಪಡಿಸಾಕ ಒಡಿಯಾಕತ್ತೈತಿ!” ಸರ್ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಒಂದು ಮಾತು ತಿದ್ದಿದ್ರ ಸಾಲೂದಿಲ್ಲ. ಮೊದಲಿಂದ ಕಲಿಸ್ಬೇಕು,” ಎಂದರು.

“ಕಲಿಸೂಣು.”

“ಸೋಮವಾರ ಲಾರಿ.”

“ಇವತ್ತು ಶುಕ್ರವಾರ ಸರ್.”

ಆ ಒಂದು ಶಬ್ದದ ಅಂಕವನ್ನು ತಲೆಕೆಳಗು ಮಾಡಿದರು. ದಾಖಲೆಗಳನ್ನೆಲ್ಲ ಮತ್ತೆ ಕೂಸಿನ ಮುಂದೆ ಹರಿಯಬಿಟ್ಟರು. ಗೇಟಿನ ಹೊರಗೆ ಶನಿವಾರ ಮಹಿಳಾ ಮಂಡಳದವರು ಕೂತು ಘೋಷಣೆ ಕೂಗಿದರು. ಒಳಗೆ ಪ್ಲಾಸ್ಟಿಕ್ ಕೈಯ ಮೇಲೆ ಬಳೆ ಒಡೆಯುತ್ತ, ಕಡಿಮೆ ಒಡೆಯುತ್ತ, ಕೊನೆಗೆ ಒಡೆಯದೇ ಉಳಿಯತೊಡಗಿತು. ಹೊರಗಿನ ದನಿಗಳಲ್ಲಿ ಶಕುಂತಲಾಬಾಯಿಯ ದನಿ ಇರಲಿಲ್ಲ. ಇಂದುಮತಿ ಗಮನಿಸಿದಳು, ಆದರೆ ಯೋಚಿಸಲಿಕ್ಕೆ ಪುರುಸೊತ್ತಿರಲಿಲ್ಲ.

ಸಂಜೆ ಪ್ಲಾಸ್ಟಿಕ್ ಕೈ ಬದಿಗೆ ಸರಿಸಿ ತನ್ನ ಕೈಯನ್ನೇ ಇಟ್ಟಳು.

“ಬ್ಯಾಡ,” ಎಂದರು ಸರ್.

“ಆಯಿ ಕೈ ಹಪ್ಪಳದಂಗಾಗೈತಿ ಸರ್. ಮೊದಲು ನನ್ನ ಚರ್ಮ ಹರೀಲಿ.”

ಅವರು ಯಂತ್ರ ನಿಲ್ಲಿಸುವ ಕಾಲಡಿಯ ಗುಂಡಿಯ ಮೇಲೆ ಪಾದವಿಟ್ಟು ನಿಂತರು. ರಬ್ಬರಿನ ಬೆರಳು ಅವಳ ಕೈಯನ್ನು ಎತ್ತಿಕೊಂಡಿತು. ತಣ್ಣಗಿರುತ್ತದೆ ಅಂದುಕೊಂಡಿದ್ದಳು, ಮೋಟಾರಿನ ಶಾಖಕ್ಕೆ ಬೆಚ್ಚಗಿತ್ತು. ಬಳೆ ಗಿಣ್ಣಿಗೆ ಬಂತು, ಬಿಗಿಯಿತು, ಅವಳು ಹಲ್ಲು ಕಚ್ಚಿದಳು. ಬೆರಳುಗಳು ನಿಂತು, ಒಂದಿಷ್ಟು ಹಿಂದೆ ಸರಿದು, ಬೇರೆ ಓರೆಯಲ್ಲಿ ಮತ್ತೆ ಬಂದವು. ಬಳೆ ಮಣಿಕಟ್ಟಿಗೆ ಇಳಿಯಿತು.

ಇಬ್ಬರೂ ಚಟ್ ಎನ್ನುವ ಸದ್ದಿಗೆ ಕಾದರು. ಬರಲಿಲ್ಲ.

“ನಾಳೆ ರವಿವಾರ,” ಎಂದರು ಕಿತ್ತೂರ ಸರ್ ಮೆಲ್ಲಗೆ. “ಸಂಸ್ಥೆ ವ್ಯಾನ್ ಖಾಲಿ ಇರತೈತಿ. ನಾನ ಹೊಡೀತೀನಿ.”

*

ಕಂಬ ಸಮೇತ ಕೈಗಳನ್ನು ವ್ಯಾನಿನಿಂದ ಇಳಿಸಿ ಮನೆಯ ಮುಂದಿನ ಕಟ್ಟೆಗೆ ತರುವಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಕಾಶವ್ವ ಬಿಸಿಲಿಗೆ ಕೂತಿದ್ದಳು. ಯಂತ್ರ ನೋಡಿದಳು, ಮೊಮ್ಮಗಳ ಕೈಯಲ್ಲಿದ್ದ ಹಸಿರು ಬಳೆಯ ಕಟ್ಟು ನೋಡಿದಳು. ಕೇಳುವುದೇನೂ ಉಳಿಯಲಿಲ್ಲ.

“ಬ್ಯಾಡವ್ವಾ.”

“ಕತಿ ಮುಗಿಸಬೇಕು, ಆಯಿ.”

“ಹುಚ್ಚಿ. ನನಗ ಬಳಿ ಇಟ್ಟವರಿಗೆ ಏನರ ಆದ್ರ? ನನಗ ಬೇಕಂತ ಅನಿಸಿದ್ದು ಇಲ್ಲ ಅನಬ್ಯಾಡ. ಒಂದ್ಸಲ ನಾನ ಇಟ್ಕೋಬೇಕಂತ ಮಾಡಿದ್ದೆ. ನನ್ನ ಒಂದು ಕೈಗೆ ಇನ್ನೊಂದು ಕೈ ಅಂಜಿತು. ಇನ್ನ ಮತ್ತೊಬ್ಬರ ಹಣೇಬರಾ ನಾ ಯಾಕ ಕೆಡಿಸ್ಲಿ?”

ಇಂದುಮತಿ ಯಂತ್ರದ ಬಲಗೈಯನ್ನು ಅಂಗಾತ ತಿರುಗಿಸಿ ಅಜ್ಜಿಯ ಮುಂದೆ ಹಿಡಿದಳು.

“ನೋಡು. ಇದರ ಹಣೇಬರಾ ಎಲ್ಲೈತಿ, ತೋರ್ಸು.”

ಕಾಶವ್ವ ಬಗ್ಗಿದಳು. ಊರಿನ ಅರ್ಧ ಹೆಂಗಸರ ಅಂಗೈ ನೋಡಿದ ಕಣ್ಣು ಅವು. ನಡುಗುವ ಬೆರಳಿಂದ ಆ ರಬ್ಬರಿನ ಅಂಗೈ ಸವರಿದಳು. ನುಣುಪು. ಆಯುಷ್ಯದ ಗೆರೆ ಇಲ್ಲ, ಮದುವೆಯ ಗೆರೆ ಇಲ್ಲ.

“ಒಂದು ರೇಖಿನೂ ಇಲ್ಲಲ್ಲ ಇದಕ್ಕ!”

“ಗಂಡ ಇಲ್ಲ, ಮನಿ ಇಲ್ಲ, ಶನಿ ಇಲ್ಲ. ಯಾರದೂ ಕೆಡೂದಿಲ್ಲ. ಇನ್ನ ಹೇಳು, ಬ್ಯಾಡಂತ.”

ಕಾಶವ್ವ ಎದುರು ಮನೆಯ ಕಡೆ ನೋಡಿದಳು. ಶಕುಂತಲಾಬಾಯಿ ಹೊಸ್ತಿಲಲ್ಲಿ ನಿಂತಿದ್ದರು. ಬಂದು ತಡೆಯುತ್ತಾರೆ ಎಂದುಕೊಂಡಳು ಇಂದುಮತಿ. ಅವರು ಬಂದದ್ದೇನೋ ಹೌದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಶವ್ವನ ಪಕ್ಕ ಕಟ್ಟೆಯ ಮೇಲೆ ಕೂತು, ಅವಳ ನಡುಗುವ ಮೊಣಕೈಯನ್ನು ತಮ್ಮ ಎರಡೂ ಕೈಯಿಂದ ಗಟ್ಟಿ ಹಿಡಿದರು.

“ಆವತ್ತು ಹಿಡಕೊಂಡವರು ಇಬ್ಬರಂದ್ರಲ್ಲಾ,” ಎಂದರು ಒರಟಾಗಿ. “ಇವತ್ತು ನಾ ಒಬ್ಬಾಕಿ ಹಿಡಕೋತೀನಿ. ಸಾಕಾಕ್ಕೈತಿ. ಹೂಂ, ಚಾಲೂ ಮಾಡು ಇಂದೂ.”

ಕೂಸು ಎಚ್ಚರಗೊಂಡಿತು. ಎರಡು ಕೈ ಗಾಳಿಯಲ್ಲಿ ಅರೆಗಳಿಗೆ ತಡೆದು, ಕಾಶವ್ವನ ಕೈಯನ್ನು ಕೆಳಗಿನಿಂದ ಎತ್ತಿಕೊಂಡವು. ನಡುಕ ಅವುಗಳ ಬೆರಳಿಗೆ ತಿಳಿಯಿತು. ನಡುಗುವ ಕೈಯನ್ನು ಹಿಡಿದು ನಿಲ್ಲಿಸಲಿಲ್ಲ. ಅದರ ಜೊತೆಗೆ ತಾವೂ ಹಾಗೇ ತೂಗತೊಡಗಿದವು, ತೊಟ್ಟಿಲಿನಂತೆ. ಆಮೇಲೆ ರಬ್ಬರಿನ ಹೆಬ್ಬೆರಳು ಅವಳ ಹೆಬ್ಬೆರಳ ಬುಡಕ್ಕೆ ಬಂತು. ಮೆಲ್ಲಗೆ ಒಂದು ಸುತ್ತು ಸುತ್ತಿತು.

ಕಾಶವ್ವನ ಮುಖ ಬದಲಾಯಿತು. ಅದು ಯಾರ ಕೈ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಯಂತ್ರಕ್ಕೆ ಬಾಯಿಲ್ಲ, ಅದು ಏನನ್ನೂ ಕೇಳಲಿಲ್ಲ. ಆದರೂ ಅವಳು ಉತ್ತರ ಕೊಟ್ಟಳು.

“ಆತವ್ವಾ,” ಎಂದಳು ಆ ಕೈಗೆ. “ಊಟ ಆತು.”

ಕೈ ಸಡಿಲವಾಯಿತು. ಮೊದಲ ಬಳೆ ಒಳಗೆ ಬಂತು. ಬಾತ ಗಿಣ್ಣಿನ ಬಳಿ ಬೆರಳುಗಳು ಕಾದವು, ಚರ್ಮವನ್ನು ಹಿಂದಕ್ಕೆ ಸರಿಸಿದವು, ಮತ್ತೆ ಕಾದವು. ಅವಸರವೇ ಇಲ್ಲ ಅವಕ್ಕೆ. ಎರಡನೆಯದು, ಮೂರನೆಯದು. ಕಿತ್ತೂರ ಸರ್ ಪಾದ ಗುಂಡಿಯ ಮೇಲಿತ್ತು, ಕಣ್ಣು ಬೇರೆಲ್ಲೋ ಇತ್ತು. ಬಲಗೈ ಮುಗಿದು ಎಡಗೈ. ಕೊನೆಗೆ, ಬಳೆಗಾರರು ಲೆಕ್ಕಕ್ಕಿಂತ ಮೇಲೆ ತಮ್ಮದೆಂದು ಪುಕ್ಕಟೆ ಇಡುವ ಆ ಒಂದು ಬಳೆ. ಅದು ಗಿಣ್ಣಿನಲ್ಲಿ ಕಚ್ಚಿಕೊಂಡಿತು. ಬೆರಳುಗಳು ಹಿಂದೆ ಸರಿದವು, ಓರೆ ಬದಲಿಸಿದವು, ಮತ್ತೆ ಬಂದವು. ಬಳೆ ದಾಟಿತು, ಕೆಳಗಿನ ಬಳೆಗಳ ಮೇಲೆ ಬಿದ್ದು ಕಿಣಿ ಎಂದಿತು.

“ಹೆಚ್ಚಾತು!” ಎಂದಳು ಕಾಶವ್ವ.

ಇಂದುಮತಿ ಬೆಚ್ಚಿ ನೆಲ ನೋಡಿದಳು. ಶಕುಂತಲಾಬಾಯಿ ಸೀರೆ ಕೊಡವಿ ತುಂಡು ಹುಡುಕಿದರು. ಗಾಜಿನ ಚೂರು ಎಲ್ಲೂ ಇರಲಿಲ್ಲ.

ಕಾಶವ್ವ ಎರಡೂ ಕೈಯನ್ನು ಮುಖದ ಮುಂದೆ ಎತ್ತಿ ಹಿಡಿದು, ಎಣಿಸುವವಳಂತೆ ನೋಡುತ್ತಿದ್ದಳು. ಕೈ ನಡುಗುತ್ತಲೇ ಇತ್ತು. ನಡುಗಿದಷ್ಟೂ ಬಳೆಗಳು ಸದ್ದು ಮಾಡುತ್ತಿದ್ದವು.